ಅರಿಶಿನವಲ್ಲದ ಹಳದಿ

ಆ ಶನಿವಾರ ಎದ್ದು ಹಾಲು ಕಾಯಿಸಿದೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು, ಯಜಮಾನರ ಊಟದ ಡಬ್ಬಿ ಕಟ್ಟಿದೆ. ನೆನೆಹಾಕಿದ್ದ ಅವರೆಕಾಳನ್ನು ಹಿತುಕಿ ಸಾರಿಗಿಟ್ಟೆ. ಮೇಕಪ್ ಬ್ರಷ್‌ಗಳನ್ನೆಲ್ಲ ಮಕ್ಕಳ ಶಾಂಪೂವಿನಲ್ಲಿ ತೊಳೆದು ಹಳೇ ಟವೆಲ್ಲಿನ ಮೇಲೆ ಸಾಲಾಗಿ ಮಲಗಿಸಿದೆ. ಗ್ಯಾಸ್ ಬುಕ್ ಮಾಡಿದೆ. ಖಾಲಿಯಾಗಿದ್ದ ಸೇಫ್ಟಿ ಪಿನ್ನಿನ ಡಬ್ಬಿ ತುಂಬಿಸಿದೆ, ಹೊಲಿಗೆ ಬಿಟ್ಟಿದ್ದ ಏಪ್ರನ್ನಿಗೆ ಸೂಜಿ ಹಾಕಿದೆ. ಮಧ್ಯಾಹ್ನ ನಾಲ್ಕು ತುತ್ತು ಅನ್ನ ಉಂಡು, ಬನಶಂಕರಿಯ ನಮ್ಮ ಮನೆಯಿಂದ ಆಟೋ ಹಿಡಿದು ಜೆ.ಪಿ. ನಗರ ಏಳನೇ ಹಂತದ ಕಡೆಯ ಒಂದು ಕಲ್ಯಾಣ ಮಂಟಪಕ್ಕೆ ಹೊರಟೆ. ಅದು 2023ರ ಫೆಬ್ರವರಿ. ಯಾವ ಪಾರ್ಲರಿನ ಹೆಸರೂ ಇಲ್ಲದೆ, ಸ್ವಂತವಾಗಿ ಮದುವಣಗಿತ್ತಿಯರಿಗೆ ಮೇಕಪ್ ಮಾಡಲು ನಾನು ಶುರುಮಾಡಿ ಆಗ ಒಂಬತ್ತು ವರ್ಷವಾಗಿತ್ತು.

ಅದಕ್ಕೆ ಮೊದಲು ನಾನು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಶೇಡ್ ಚೆಕಿಂಗ್ ಮಾಡುತ್ತಿದ್ದೆ. ಒಂದು ಶರ್ಟಿನ ತೋಳು ಒಂದು ಥಾನಿನ ಬಟ್ಟೆಯದು, ಬೆನ್ನು ಇನ್ನೊಂದು ಥಾನಿನದು ಆಗಿಬಿಟ್ಟರೆ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಅದನ್ನು ಹಿಡಿಯುವುದು ನನ್ನ ಕೆಲಸ. ಒಂದೇ ಬಟ್ಟೆ ಟ್ಯೂಬ್‌ಲೈಟಿನಲ್ಲಿ ಒಂದು ಬಣ್ಣ, ಬಲ್ಬಿನಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ ಎನ್ನುವುದನ್ನು ಕಲಿತದ್ದು ಅಲ್ಲಿ. ಆ ಘಟಕ ಮುಚ್ಚಿದ ಮೇಲೆ ಜಯನಗರದ ಒಂದು ಪಾರ್ಲರಿಗೆ ಸೇರಿ ಮೇಕಪ್ ಕಲಿತೆ. ಆಮೇಲೆ ಅದನ್ನೂ ಬಿಟ್ಟು ಒಂದು ಪೆಟ್ಟಿಗೆ, ಒಂದು ರಿಂಗ್ ಲೈಟ್ ಕೊಂಡು ಮನೆಯಿಂದಲೇ ಕೆಲಸ ಹಿಡಿದೆ. ನಮ್ಮತ್ತೆಗೆ ಇದು ಕೆಲಸ ಅಂತ ಅನ್ನಿಸಲೇ ಇಲ್ಲ. "ಗೋಡೆಗೆ ಸುಣ್ಣ ಹೊಡಿಯೋರಿಗೂ ನಿಂಗೂ ಏನಮ್ಮಾ ವ್ಯತ್ಯಾಸ? ಅವರು ಏಣಿ ಹತ್ತಿ ಹೊಡೀತಾರೆ, ನೀನು ಸ್ಟೂಲ್ ಮೇಲೆ ಕೂತ್ಕೊಂಡು ಹೊಡೀತೀಯ" ಅನ್ನುತ್ತಿದ್ದರು.

ನಮ್ಮಂಥವರಿಗೆ ಅಂಗಡಿ ಇಲ್ಲ, ಬೋರ್ಡಿಲ್ಲ. ಒಬ್ಬ ಹುಡುಗಿಯ ತಾಯಿ ಇನ್ನೊಬ್ಬ ಹುಡುಗಿಯ ತಾಯಿಗೆ ಹೇಳಬೇಕು, ಅಷ್ಟೇ. ಒಂದು ಮದುವೆ ಚೆನ್ನಾಗಿ ಆದರೆ ಅದೇ ಬೀದಿಯಲ್ಲಿ ಮುಂದಿನ ವರ್ಷ ಮತ್ತೆ ಕರೆಯುತ್ತಾರೆ. ಕೆಟ್ಟರೆ ಆ ಬೀದಿಯೇ ಮುಚ್ಚಿದ ಹಾಗೆ. ನನ್ನ ಜೊತೆ ಬಿ.ಟಿ.ಎಂ. ಲೇಔಟಿನ ಶೋಭಾ ಬರುತ್ತಾಳೆ. ಜಡೆ ಹೆಣೆಯುವುದು, ಸೀರೆ ಉಡಿಸುವುದು ಅವಳದು. ಮುಖ ನನ್ನದು. ಹಿಂದಿನ ಸಂಜೆಯ ರಿಸೆಪ್ಷನ್, ಮಾರನೇ ಬೆಳಗಿನ ಮುಹೂರ್ತ, ಎರಡೂ ನಮ್ಮ ಪ್ಯಾಕೇಜಿನಲ್ಲಿ ಸೇರಿರುತ್ತವೆ. ಅದರ ಜೊತೆಗೆ ಗಂಡಿಗೂ ಸ್ವಲ್ಪ ಟಚಪ್. ಬೆವರು ಒತ್ತಿ, ತೆಳ್ಳಗೆ ಪೌಡರ್ ಹಾಕಿ, ಹುಬ್ಬು ಬಾಚಿ ಬರುವುದು. ಗಂಡಿನ ಕೋಣೆಯಲ್ಲಿ ಹುಡುಗರು ನಗುತ್ತಾರೆ, ನಾವೂ ನಕ್ಕು ಹತ್ತು ನಿಮಿಷದಲ್ಲಿ ಹೊರಬರುತ್ತೇವೆ.

ಆ ಮದುವೆಯ ಹುಡುಗಿ ಚೈತ್ರಾ. ಅವಳ ತಂದೆಯವರದು ಆ ಭಾಗದ ಹಳೇ ಊರಿನ ಮನೆತನ. ಹೊಲ ಹೋಗಿ ಸೈಟುಗಳಾಗಿದ್ದವು, ಸೈಟಿನಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಚೈತ್ರಾ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು, ಇಪ್ಪತ್ತೇಳು ವರ್ಷ. ಡಿಸೆಂಬರಿನಲ್ಲಿ ಅಮ್ಮ ಗಿರಿಜಮ್ಮನವರ ಜೊತೆ ಟ್ರಯಲ್ಲಿಗೆ ಬಂದಿದ್ದಳು. ಟ್ರಯಲ್ ಎಂದರೆ ಮದುವೆಗೆ ಮೊದಲೇ ಒಮ್ಮೆ ಮೇಕಪ್ ಹಾಕಿ, ಚರ್ಮಕ್ಕೆ ಯಾವ ಶೇಡಿನ ಬೇಸ್ ಒಪ್ಪುತ್ತದೆ, ಏನಾದರೂ ಅಲರ್ಜಿ ಆಗುತ್ತದೆಯೇ ಎಂದು ನೋಡುವುದು. ಬೇಸ್ ಎಂದರೆ ಎಲ್ಲಕ್ಕಿಂತ ಮೊದಲು ಮುಖಕ್ಕೆಲ್ಲ ಸವರುವ ಬಣ್ಣ. ಅವಳದು ಗೋಧಿ ಬಣ್ಣ, ಕೆನ್ನೆ ತುಂಬಿದ ಮುಖ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ನನ್ನ ಹತ್ತಿರ ಇದ್ದ ಬೇಸೊಂದು ಹುಡುಕದೇ ಸಿಕ್ಕಂತೆ ಅವಳಿಗೆ ಹೊಂದಿಕೊಂಡಿತು.

ಫೆಬ್ರವರಿಯ ಆ ಶನಿವಾರ ಮಂಟಪದ ಕೋಣೆಗೆ ಹೋಗಿ ನೋಡಿದಾಗ ಅವಳು ಇಳಿದುಹೋಗಿದ್ದಳು. ಮದುವೆಗೆ ಮೊದಲು ಹುಡುಗಿಯರು ತೆಳ್ಳಗಾಗುವುದು ಹೊಸದಲ್ಲ, ಹೊಲಿಸಿದ ಬ್ಲೌಸು ಸಡಿಲವಾಗಿ ಕೊನೆಗಳಿಗೆಯಲ್ಲಿ ಹೊಲಿಗೆ ಹಿಡಿಯುವುದೂ ಹೊಸದಲ್ಲ. ಮುಖ ಮಾತ್ರ ಹಳದಿಯಾಗಿತ್ತು. ಬೆಳಗ್ಗೆ ಮನೆಯಲ್ಲಿ ಅರಿಶಿನದ ಶಾಸ್ತ್ರ ಆಗಿತ್ತು. ಮುತ್ತೈದೆಯರು ಮುಖ, ಕೈಕಾಲಿಗೆಲ್ಲ ಅರಿಶಿನ ಹಚ್ಚಿ ನೀರೆರೆದು ಕಳಿಸಿದ್ದರು. ನಾನು ಕೇಳುವ ಮೊದಲೇ ಗಿರಿಜಮ್ಮ ನಗುತ್ತಾ, "ನಮ್ಮ ನಾದಿನಿ ಕೈಗೆ ಸಿಕ್ಕಿದ್ರೆ ಹೀಗೇ ನೋಡಿ. ಸಾರಿಗೂ ಅಷ್ಟೇ, ಹುಡುಗಿಗೂ ಅಷ್ಟೇ, ಸುರೀತಾಳೆ" ಅಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅರಿಶಿನದ ಶಾಸ್ತ್ರ ಮುಗಿಸಿ ಬಂದ ಹುಡುಗಿಯರ ಮುಖ ನಮಗೆ ಯಾವಾಗಲೂ ತಲೆನೋವು. ಬೇಸ್ ಹಾಕಿದರೂ ಒಳಗಿನ ಹಳದಿ ಎದ್ದು ಕಾಣುತ್ತದೆ, ಫೋಟೋದಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಮೊದಲು ಕರೆಕ್ಟರ್ ಹಚ್ಚಬೇಕು. ಕರೆಕ್ಟರ್ ಎಂದರೆ ಒಂದು ಬಣ್ಣವನ್ನು ಅದರ ಎದುರು ಬಣ್ಣದಿಂದ ತಣಿಸುವ ಕ್ರೀಮು. ಕಣ್ಣ ಕೆಳಗಿನ ಕಪ್ಪಿಗೆ ಕಿತ್ತಳೆ, ಮೊಡವೆಯ ಕೆಂಪಿಗೆ ಹಸಿರು, ಹಳದಿಗೆ ತಿಳಿ ನೇರಳೆ. ಟ್ರಯಲ್ಲಿನಲ್ಲಿ ಒಪ್ಪಿದ್ದ ಬೇಸು ಅವತ್ತು ಸುತರಾಂ ಕೂರಲಿಲ್ಲ. ನೇರಳೆ ಕರೆಕ್ಟರನ್ನು ಮಾಮೂಲಿಗಿಂತ ಎರಡು ಪಟ್ಟು ಹಚ್ಚಿ, ಅದರ ಮೇಲೆ ಬೇಸ್ ಕೂರಿಸಿದೆ. ಕೋಣೆಯಲ್ಲಿ ಹಳದಿ ಬಲ್ಬುಗಳಿದ್ದವು, ಕಿಟಕಿಗೆ ದಪ್ಪ ಪರದೆ ಎಳೆದಿತ್ತು. ಅವಳು ಆಗಾಗ ತೋಳು ಕೆರೆದುಕೊಳ್ಳುತ್ತಿದ್ದಳು. ಮೆಹೆಂದಿ ಕಡಿಯುತ್ತಿದೆ ಅಂದಳು. ತಿಂಡಿ ತಂದಿಟ್ಟರೆ ವಾಸನೆಗೇ ಮುಖ ತಿರುಗಿಸಿದಳು. ರಿಸೆಪ್ಷನ್ ಚೆನ್ನಾಗಿಯೇ ನಡೆಯಿತು. ಫೋಟೋದವನು ನನ್ನನ್ನು ಹುಡುಕಿಕೊಂಡು ಬಂದು, ಸ್ಕಿನ್ ಸಖತ್ತಾಗಿ ಬಂದಿದೆ ಮೇಡಂ ಅಂದ.

ಮಾರನೇ ದಿನ ಭಾನುವಾರ. ಲಗ್ನ ಹತ್ತು ಗಂಟೆಯ ಮೇಲೆ ಇದ್ದುದರಿಂದ ನಾವು ಬೆಳಕು ಹರಿದ ಮೇಲೆ ಹೋದೆವು. ಕೋಣೆಯಲ್ಲಿ ಚೈತ್ರಾ ಒಬ್ಬಳೇ ಮಂಚದ ತುದಿಯಲ್ಲಿ ಕೂತಿದ್ದಳು. ಹಿಂದಿನ ರಾತ್ರಿಯ ಮೇಕಪ್ ಪೂರ್ತಿ ತೆಗೆಯದೆ ಮಲಗಿದ್ದಳು. ನಾನು ಪರದೆ ಸರಿಸಿ, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದು, ಹತ್ತಿಗೆ ಕ್ಲೆನ್ಸರ್ ಹಾಕಿ ಅವಳ ಮುಖ ಒರೆಸಲು ಶುರುಮಾಡಿದೆ. ಮೊದಲ ಹತ್ತಿಗೆ ಮೇಕಪ್ ಬಂತು, ಎರಡನೆಯದಕ್ಕೂ ಬಂತು. ಮೂರನೆಯದು ಬೆಳ್ಳಗೆ ಬಂತು.

ಅರಿಶಿನವಾದರೆ ಹತ್ತಿಗೆ ಬರಬೇಕು. ಎಷ್ಟೇ ಒರೆಸಿದರೂ ಒಂದು ಛಾಯೆ ಬರುತ್ತಲೇ ಇರುತ್ತದೆ. ಇಲ್ಲಿ ಹತ್ತಿ ಬೆಳ್ಳಗಿತ್ತು, ಮುಖ ಹಿಂದಿನ ದಿನಕ್ಕಿಂತ ಹಳದಿಯಾಗಿತ್ತು. ನಾನು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕಾಡಿಗೆ ಹಚ್ಚುವಾಗ ದಿನಾ ಮಾಡುವ ಕೆಲಸವೇ. ಕಣ್ಣಿನ ಬಿಳಿಭಾಗ ಪೂರ್ತಿ ನಿಂಬೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಅಲ್ಲಿಗೆ ಯಾವ ನಾದಿನಿಯೂ ಅರಿಶಿನ ಹಚ್ಚಿರಲಿಲ್ಲ.

ನಾನು ಶೋಭಾಗೆ ಬಾಗಿಲು ಹಾಕಲು ಹೇಳಿ, ಚೈತ್ರಾಳ ಪಕ್ಕ ಕೂತು, ಮೂತ್ರದ ಬಣ್ಣ ಹೇಗಿದೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಕಾಫಿ ಡಿಕಾಕ್ಷನ್ ಥರ ಆಗಿ ನಾಲ್ಕೈದು ದಿನ ಆಯಿತು, ಹೊಟ್ಟೆ ತೊಳೆಸುತ್ತದೆ, ಏನೂ ಸೇರುವುದಿಲ್ಲ ಎಂದು ಒಂದೊಂದಾಗಿ ಹೇಳಿದಳು. ನಿಶ್ಚಿತಾರ್ಥ ಆದ ಮೇಲೆ ಗಂಡಿನ ಅಕ್ಕ ಯಾವುದೋ ಗಿಡಮೂಲಿಕೆಯ ಪುಡಿ ತಂದುಕೊಟ್ಟಿದ್ದರಂತೆ. ಬಿಸಿನೀರಿಗೆ ಹಾಕಿ ಎರಡು ಹೊತ್ತು ಕುಡಿದರೆ ಮೈ ಕರಗುತ್ತದೆ, ಬಣ್ಣವೂ ತಿಳಿಯಾಗುತ್ತದೆ ಎಂದು. ಡಬ್ಬಿಗೆ ಹೆಸರೂ ಇರಲಿಲ್ಲ. ಬೇಗ ಇಳಿಯಲಿ ಎಂದು ಇವಳು ಮೂರು ಹೊತ್ತು ಕುಡಿದಿದ್ದಳು. ಕಣ್ಣು ಹಳದಿಯಾಗಿದ್ದನ್ನು ಕನ್ನಡಿಯಲ್ಲಿ ತಾನೇ ನೋಡಿದ್ದಳು. ಅರಿಶಿನದ ಶಾಸ್ತ್ರ ಬಂದದ್ದು ಒಳ್ಳೆಯದೇ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

"ಆಂಟಿ, ನಿನ್ನೆ ಮುಚ್ಚಿದ್ರಲ್ಲ, ಹಾಗೇ ಇವತ್ತೂ ಮುಚ್ಚಿಬಿಡಿ. ತಾಳಿ ಕಟ್ಟೋವರೆಗೂ ಸಾಕು. ಆಮೇಲೆ ನಾನೇ ಆಸ್ಪತ್ರೆಗೆ ಹೋಗ್ತೀನಿ."

ನಾನು ಆಗುವುದಿಲ್ಲ ಅಂದೆ. ಅವಳು ನನ್ನ ಏಪ್ರನ್ ಹಿಡಿದುಕೊಂಡಳು. "ನಿಮ್ಗೆ ಗೊತ್ತಿಲ್ಲ ಆಂಟಿ. ನಂಗೆ ಇದು ಎರಡನೇ ಸಲ. ಮೊದಲನೇದು ಛತ್ರ ಬುಕ್ ಆದ್ಮೇಲೆ ನಿಂತೋಯ್ತು. ಅವತ್ತೇ ಅಪ್ಪಂಗೆ ಹಾರ್ಟ್ ಅಟ್ಯಾಕ್ ಆಗಿದ್ದು. ಇದೂ ನಿಂತ್ರೆ ಅವರು ಉಳಿಯಲ್ಲ."

ಸ್ವಲ್ಪ ಹೊತ್ತು ಬಿಟ್ಟು, ಏನೋ ಹೊಸದಾಗಿ ನೆನಪಾದವಳಂತೆ, "ಆಂಟಿ, ನಿನ್ನೆ ಮುಚ್ಚಿದ್ರಲ್ಲ, ಹಾಗೇ ಮುಚ್ಚಿಬಿಡಿ" ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು. ಅಳುವಿನ ಭರದಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದಾಳೆ ಎಂದು ನಾನು ತಿಳಿದೆ.

ಗಿರಿಜಮ್ಮನನ್ನು ಕರೆಸಿ ಕಿಟಕಿಯ ಹತ್ತಿರ ಮಗಳ ಕಣ್ಣು ತೋರಿಸಿದೆ. ಅವರು ನೋಡಿದ ಕೂಡಲೇ ಅರ್ಥಮಾಡಿಕೊಂಡರು. ಕಾಮಾಲೆ ಕಂಡವರೇ. ಊರ ಕಡೆ ಕಾಮಾಲೆಗೆ ಎಲೆಯ ಔಷಧಿ ಕೊಡುವವರಿದ್ದಾರೆ, ಮೂರು ದಿನ ಪಥ್ಯ ಮಾಡಿದರೆ ಇಳಿಯುತ್ತದೆ, ನಾಳೆಯೇ ಕರೆದುಕೊಂಡು ಹೋಗುತ್ತೇವೆ ಅಂದರು. ನಾನು ಇವತ್ತೇ ಡಾಕ್ಟರಿಗೆ ತೋರಿಸಬೇಕು, ಹೋಮದ ಹೊಗೆಯಲ್ಲಿ, ಉಪವಾಸದಲ್ಲಿ ಇವಳನ್ನು ಅಷ್ಟು ಹೊತ್ತು ಕೂರಿಸಬಾರದು ಅಂದೆ. ಗಿರಿಜಮ್ಮ ಬಾಗಿಲ ಚಿಲಕ ಹಾಕಿದೆಯೇ ಎಂದು ತಿರುಗಿ ನೋಡಿ, ದನಿ ಇಳಿಸಿದರು.

"ವಸಂತಾ ಅವ್ರೇ, ನಿಮಗೂ ಮಗಳಿದಾಳೆ. ನಮ್ಮ ಯಜಮಾನ್ರಿಗೆ ಒಂದು ಮಾತು ಗೊತ್ತಾದ್ರೆ ಇಲ್ಲೇ ಕೂತ್ಬಿಡ್ತಾರೆ. ಕೈ ಮುಗೀತೀನಿ, ನೀವು ನಿಮ್ಮ ಕೆಲಸ ಮಾಡಿ."

ನಾನು ಈ ಮುಖಕ್ಕೆ ಇವತ್ತು ಬಣ್ಣ ಹಾಕುವುದಿಲ್ಲ ಅಂದೆ. ಅವರು ಶೋಭಾಳ ಕಡೆ ತಿರುಗಿ, ನೀನಾದರೂ ಹಾಕಮ್ಮ, ಪೆಟ್ಟಿಗೆ ಇಲ್ಲೇ ಇದೆಯಲ್ಲ ಅಂದರು. ಶೋಭಾ ಎಷ್ಟೋ ಮದುವೆಗಳಲ್ಲಿ ಹುಡುಗಿಯ ಅಕ್ಕತಂಗಿಯರಿಗೆಲ್ಲ ತಾನೇ ಮೇಕಪ್ ಮಾಡಿದವಳು. ಕೈಯಲ್ಲಿದ್ದ ಬಾಚಣಿಗೆಯನ್ನು ನೋಡಿಕೊಂಡು, "ನಾನು ಜಡೆ ಹಾಕೋಳು ಆಂಟಿ, ಕುತ್ತಿಗೆ ಹಿಂದಿನ ಕೆಲಸ. ಮುಂದಿನ ಕೆಲಸ ನಂಗೆ ಬರಲ್ಲ" ಅಂದಳು.

ಗಿರಿಜಮ್ಮ ಯಾರನ್ನೋ ಬೇರೆಯವರನ್ನು ಕರೆಸಲು ಫೋನು ಹಿಡಿದು ಹೊರಗೆ ಹೋದರು. ಭಾನುವಾರದ ಬೆಳಗ್ಗೆ, ಮದುವೆಯ ದಿನಗಳಲ್ಲಿ ಯಾರೂ ಸುಲಭಕ್ಕೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಯಾರಾದರೊಬ್ಬರು ಸಿಗುತ್ತಾರೆ ಎನ್ನುವುದೂ ಗೊತ್ತಿತ್ತು. ಶೋಭಾಗೆ ನಿಧಾನವಾಗಿ ಸೀರೆ ಉಡಿಸುತ್ತಿರು ಎಂದು ಹೇಳಿ, ನಾನು ಪೌಡರಿನ ಡಬ್ಬಿ, ಎರಡು ಬ್ರಷ್ ತೆಗೆದುಕೊಂಡು ಗಂಡಿನ ಕೋಣೆಗೆ ಹೋದೆ. ಟಚಪ್ಪಿಗೆ ಬಂದವಳನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ.

ಗಂಡು ಪ್ರದೀಪ. ಬಿ.ಟಿ.ಎಂ. ಲೇಔಟಿನಲ್ಲಿ ತಂದೆಯ ಜೊತೆ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದ. ಪಂಚೆ ಉಟ್ಟು ಕನ್ನಡಿಯ ಮುಂದೆ ಕೂತಿದ್ದ. ಸುತ್ತ ಸ್ನೇಹಿತರು, "ಮೇಡಂ, ಇವನಿಗೆ ಒಂದು ಕೋಟ್ ಪ್ರೈಮರ್ ಮೊದ್ಲು ಹೊಡೀರಿ, ಅಂಗಡೀಲಿ ಬೇಜಾನ್ ಇದೆ" ಎಂದು ತಮಾಷೆ ಮಾಡುತ್ತಿದ್ದರು. ನಾನು ಬ್ರಷ್ ತೆಗೆದು ಅವನ ಹಣೆಯ ಹತ್ತಿರ ಬಗ್ಗಿ, ಸ್ವಲ್ಪ ಇವರನ್ನೆಲ್ಲ ಹೊರಗೆ ಕಳಿಸಪ್ಪಾ ಅಂದೆ. ನನ್ನ ಮುಖ ನೋಡಿ ಅವನು ಏನೂ ಕೇಳದೆ ಕಳಿಸಿದ.

ಒಬ್ಬ ಹುಡುಗಿ ನನ್ನ ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ನಾನು ಹೊರಗೆ ಹೇಳಿದವಳಲ್ಲ. ಹಳೇ ಗಾಯದ ಗುರುತು, ಕೂದಲು ಉದುರಿದ ಜಾಗ, ಬೇರೆ ಯಾರದೋ ಹೆಸರಿನ ಹಚ್ಚೆ, ಎಲ್ಲವನ್ನೂ ಮುಚ್ಚಿದ್ದೇನೆ, ಮರೆತಿದ್ದೇನೆ. ಈ ಕೆಲಸದಲ್ಲಿ ಕೈಯಷ್ಟೇ ಮುಖ್ಯ ಬಾಯಿ. ಅವತ್ತು ಹೇಳಿದೆ. ಕಣ್ಣು ಹಳದಿಯಾಗಿರುವುದನ್ನೂ ಪುಡಿಯ ವಿಷಯವನ್ನೂ ಹೇಳಿದೆ. ಮನೆಯವರು ಧಾರೆ ಮುಗಿಯಲಿ ಎಂದು ಕಾಯುತ್ತಿದ್ದಾರೆ ಎನ್ನುವುದನ್ನೂ ಬಿಡಲಿಲ್ಲ.

ಪ್ರದೀಪ, "ಆ ಪುಡೀನ ಅಕ್ಕ ನಮ್ಮನೇಲೇ ಕಟ್ಟಿದ್ದು. ನಾನೇ ಗಾಡೀಲಿ ಹೋಗಿ ಕೊಟ್ಟು ಬಂದೆ ಮೇಡಂ" ಅಂದ. ಎದ್ದು, ಅಂಗಿಯಿಲ್ಲದೆ ಶಲ್ಯ ಹೊದ್ದುಕೊಂಡೇ ಹೊರಟ. ಅವನ ದೊಡ್ಡಪ್ಪ ಹಾಸನದ ಕಡೆ ಡಾಕ್ಟರು, ಊಟದ ಹಾಲ್‌ನಲ್ಲಿ ತಿಂಡಿ ತಿನ್ನುತ್ತಿದ್ದರು. ಎಲೆಯ ಮುಂದಿನಿಂದ ಅವರನ್ನು ಎಬ್ಬಿಸಿಕೊಂಡು ನೇರ ಹೆಣ್ಣಿನ ಕೋಣೆಗೆ ಬಂದ. ಧಾರೆಗೆ ಮೊದಲು ಗಂಡು ಆ ಕೋಣೆಗೆ ಬರುವ ಹಾಗಿಲ್ಲ. ಬಾಗಿಲಲ್ಲಿದ್ದ ಹೆಂಗಸರು ಮೊದಲು ನಕ್ಕು ಅಡ್ಡ ನಿಂತರು, ಆಮೇಲೆ ಹಿಂದೆ ಸರಿದರು.

ಡಾಕ್ಟರು ಚೈತ್ರಾಳ ಕಣ್ಣು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲಕ್ಕೆ ಮಡಿಸಿ ಹಿಡಿ ಅಂದರು, ಬಸ್ಸು ನಿಲ್ಲಿಸುವವರ ಹಾಗೆ. ಮೆಹೆಂದಿ ಹಚ್ಚಿದ ಆ ಎರಡು ಕೈಗಳು ನಿಲ್ಲಲಿಲ್ಲ. ಮಣಿಕಟ್ಟಿನಲ್ಲಿ ಬಿದ್ದು ಬಿದ್ದು ಮೇಲೇಳುತ್ತಿದ್ದವು. ಬಳೆಗಳು ಸದ್ದು ಮಾಡುತ್ತಿದ್ದವು. ಇವತ್ತು ಯಾವ ವಾರಮ್ಮಾ ಎಂದು ಕೇಳಿದರು. ಚೈತ್ರಾ ಯೋಚನೆ ಮಾಡಿ, "ಶುಕ್ರವಾರ" ಅಂದಳು. ಯಾರೂ ಅವಳನ್ನು ತಿದ್ದಲಿಲ್ಲ. ಲಿವರ್ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ವಿಷ ಉಳಿದು ಮೆದುಳಿಗೆ ಏರುತ್ತದೆ, ಕೈ ಹೀಗೆ ಬಡಿಯುತ್ತದೆ ಎಂದು ಆಮೇಲೆ ತಿಳಿಯಿತು. ಬೆಳಗ್ಗೆ ಅವಳು ಹೇಳಿದ್ದನ್ನೇ ಹೇಳಿದ್ದು ಅಳುವಿನಿಂದಲ್ಲ.

"ಈಗ್ಲೇ ಹೊರಡಬೇಕು. ಗಾಡಿ ತರಿಸಿ" ಅಂದರು ಡಾಕ್ಟರು.

ಗಿರಿಜಮ್ಮ ಲಗ್ನಕ್ಕೆ ಇನ್ನು ಎಷ್ಟು ಹೊತ್ತಿದೆ ಎಂದು ಯಾರನ್ನೋ ಕೇಳಿದರು. ಪ್ರದೀಪ ತಾಳಿ ತರಿಸಿ, ಇಲ್ಲೇ ಕಟ್ಟಿ ಕರೆದುಕೊಂಡು ಹೋಗುತ್ತೇನೆ ಅಂದ. ಗಿರಿಜಮ್ಮನ ಮುಖದಲ್ಲಿ ಒಂದು ಆಸೆ ಬಂದದ್ದನ್ನು ನಾನು ನೋಡಿದೆ. ತಾಳಿ ಗಂಡಿನ ಕಡೆಯವರ ತಟ್ಟೆಯಲ್ಲಿತ್ತು. ಅವನ ತಾಯಿ ಆ ತಟ್ಟೆಯ ಮೇಲೆ ವಸ್ತ್ರ ಮುಚ್ಚಿ ಎದೆಗೆ ಹಿಡಿದುಕೊಂಡು ನಿಂತಿದ್ದರು. ಜೋರಾಗಿ ಏನೂ ಮಾತಾಡಲಿಲ್ಲ. "ಹುಡುಗಿ ಗುಣ ಆಗಿ ಬರ್ಲಿ, ಆಮೇಲೆ ನೋಡೋಣ" ಅಂದರು. ಅವನ ಅಕ್ಕ ಅವರ ಹಿಂದೆ ನಿಂತಿದ್ದಳು, ಪುಡಿಯ ಮಾತು ಯಾರ ಬಾಯಿಂದಲೂ ಬರಲಿಲ್ಲ. ಪ್ರದೀಪ ತಾಯಿಯ ಕೈ ಹಿಡಿದ, ಅವರು ತಟ್ಟೆ ಕೊಡಲಿಲ್ಲ. ಅವನು ಕಿತ್ತುಕೊಳ್ಳಲಿಲ್ಲ. ಡಾಕ್ಟರು ಕೂಗಿದ ಮೇಲೆ ಅವನೇ ಚೈತ್ರಾಳನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ಕಾರಿಗೆ ಕೂರಿಸಿದ. ಅರ್ಧ ಹೆಣೆದ ಜಡೆ, ಮುಖಕ್ಕೆ ಏನೂ ಇಲ್ಲ, ಮೈಮೇಲೆ ಧಾರೆ ಸೀರೆ. ಛತ್ರದ ಹಾಲ್‌ನಲ್ಲಿ ಓಲಗ ನಡೆಯುತ್ತಲೇ ಇತ್ತು. ಅದನ್ನು ನಿಲ್ಲಿಸಲು ಹೇಳಬೇಕೆಂದು ಎಷ್ಟೋ ಹೊತ್ತು ಯಾರಿಗೂ ಹೊಳೆಯಲಿಲ್ಲ.

ಹುಡುಗಿಯ ತಂದೆಗೆ ಅವರ ಅಣ್ಣ ವಿಷಯ ಹೇಳಿದರು. ಎಲ್ಲರೂ ಹೆದರಿದಂತೆ ಅವರು ಕುಸಿಯಲಿಲ್ಲ. ಎದ್ದು ಚಪ್ಪಲಿ ಹುಡುಕಿದರು. ಸಿಗದೆ ಬರಿಗಾಲಲ್ಲೇ ಹೋಗಿ ಇನ್ನೊಂದು ಕಾರು ಹತ್ತಿದರು.

ಆಸ್ಪತ್ರೆಯಲ್ಲಿ ಲಿವರ್ ಬದಲಾಯಿಸುವುದೊಂದೇ ದಾರಿ ಅಂದರಂತೆ. ತಂದೆಯ ಹೃದಯ ಆ ಆಪರೇಷನ್ ತಡೆಯುವಂತಿರಲಿಲ್ಲ. ತಾಯಿಯ ರಕ್ತದ ಗುಂಪು ಹೊಂದಲಿಲ್ಲ. ಸೋದರಮಾವ ಒಬ್ಬರು ಮುಂದೆ ಬಂದರು, ಅವರ ಪರೀಕ್ಷೆಗಳು ನಡೆಯುತ್ತಿರುವಾಗಲೇ ಚೈತ್ರಾ ಎಚ್ಚರ ತಪ್ಪಿದಳು. ಪ್ರದೀಪ ಐ.ಸಿ.ಯು. ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದನೆಂದು ಶೋಭಾಗೆ ಯಾರೋ ಹೇಳಿದ್ದರು. ನಾನು ಒಮ್ಮೆ ಹೋಗಿ, ಗಾಜಿನ ಬಾಗಿಲಿನ ಈಚೆಯಿಂದ ನೋಡಿ ಬಂದೆ. ಆ ವಾರ ಮುಗಿಯುವ ಮೊದಲೇ ಅವಳು ತೀರಿಕೊಂಡಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವರ ಮನೆಗೆ ಹೋದೆ. ಹೋಗಬೇಡ ಅಂದಿದ್ದಳು ಶೋಭಾ. ಚೈತ್ರಾಳ ತಂದೆ ಜಗಲಿಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದಾಗ ತಲೆ ಆಡಿಸಿ, ಒಳಗೆ ಹೋಗಮ್ಮ ಅಂದರು. ಗಿರಿಜಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ರಿಸೆಪ್ಷನ್ನಿನ ಫೋಟೋಗೆ ಹಾರ ಹಾಕಿಟ್ಟಿದ್ದರು. ಬೇರೆ ಫೋಟೋ ಸಿಗಲಿಲ್ಲವೋ ಏನೋ. ನಾನು ಮಾಡಿದ ಮೇಕಪ್ಪಿನ ಫೋಟೋ ಅದು. ಒಂದು ಚೂರೂ ಹಳದಿ ಇರಲಿಲ್ಲ. ನಾನು ಅವರ ಪಕ್ಕ ಕೂತೆ. ಅವರು ನನ್ನ ಕಡೆ ತಿರುಗಿದರು. ಅದುವರೆಗೆ ನನ್ನನ್ನು ನೀವು ಎಂದೇ ಕರೆಯುತ್ತಿದ್ದವರು.

"ಉಳಿಯೋಳಲ್ಲ ಅಂತ ಡಾಕ್ಟ್ರೇ ಅಂದ್ರು. ಒಂದು ಗಂಟೆ ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನನ್ನ ಮಗಳು ಮುತ್ತೈದೆಯಾಗಿ ಹೋಗ್ತಿದ್ಲು."

ಕೊಡುವ ಉತ್ತರಗಳೇನೋ ಇದ್ದವು. ಹೊರಡದೆ ಕೂತಿದ್ದರೆ ಅವಳು ಹೋಮದ ಮುಂದೆಯೇ ಬಿದ್ದುಬಿಡುತ್ತಿದ್ದಳು ಎಂದು ಹೇಳಬಹುದಿತ್ತು. ಸೋದರಮಾವನ ಪರೀಕ್ಷೆಗೆ ಸಮಯ ಸಿಕ್ಕಿದ್ದು ಬೇಗ ಹೋದದ್ದರಿಂದಲೇ ಎನ್ನಬಹುದಿತ್ತು. ಆದರೆ ಅವರು ಹೇಳಿದ್ದೂ ಸುಳ್ಳಾಗಿರಲಿಲ್ಲ. ಬೇಗ ಹೋಗಿಯೂ ಉಳಿಯಲಿಲ್ಲ, ತಾಳಿಯೂ ಬೀಳಲಿಲ್ಲ. ಒಬ್ಬ ತಾಯಿಗೆ ಕೊನೆಗೆ ಹಿಡಿದುಕೊಳ್ಳಲು ಬೇಕಿದ್ದ ಒಂದನ್ನು ನಾನು ಇಲ್ಲವಾಗಿಸಿದ್ದೆ. ಎದ್ದು ಬರುವಾಗ ಯಾರೂ ಕುಂಕುಮ ಕೊಡಲಿಲ್ಲ, ಅದು ಕೊಡುವ ಮನೆಯೂ ಅಲ್ಲ.

ಆ ಭಾಗದಲ್ಲಿ ನನ್ನನ್ನು ಗೊತ್ತುಮಾಡಿದ್ದ ಎರಡು ಮದುವೆಗಳವರು ಫೋನು ಮಾಡಿ, ಬೇರೆಯವರನ್ನು ನೋಡಿಕೊಂಡಿದ್ದೇವೆ ಅಂದರು. ಒಬ್ಬರಂತೂ, ತಪ್ಪು ತಿಳೀಬೇಡಿ, ಮದುವೆ ನಿಂತ ಕೈ ಅಂತ ನಮ್ಮನೇಲಿ ಹಿರಿಯರು ಅಂತಾರೆ ಎಂದು ಬಾಯಿಬಿಟ್ಟೇ ಹೇಳಿದರು. ಆ ಬೀದಿಗಳಿಂದ ಇವತ್ತಿಗೂ ಕರೆ ಬಂದಿಲ್ಲ. ಹನುಮಂತನಗರ, ಜಯನಗರದ ಕಡೆ ನಿಧಾನವಾಗಿ ಮತ್ತೆ ಕೆಲಸ ಸಿಕ್ಕಿತು. ಪ್ರದೀಪನ ಅಂಗಡಿಯ ಮುಂದೆ ಒಂದು ಸಲ ಆಟೋದಲ್ಲಿ ಹಾದುಹೋದೆ. ಯಾರಿಗೋ ಪೇಂಟಿನ ಬಣ್ಣಗಳ ಪುಸ್ತಕ ತೋರಿಸುತ್ತಾ ನಿಂತಿದ್ದ. ಆಟೋ ನಿಲ್ಲಿಸಲಿಲ್ಲ.

ಈಗ ನನ್ನ ಕೆಲಸ ಶುರುವಾಗುವ ರೀತಿ ಬೇರೆ. ಪೆಟ್ಟಿಗೆ ತೆಗೆಯುವ ಮೊದಲು ಹುಡುಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸುತ್ತೇನೆ. ಬರಿ ಮುಖ ಒರೆಸಿ, ಕಣ್ಣು, ಉಗುರು, ನಾಲಿಗೆ ನೋಡುತ್ತೇನೆ. ಏನು ಔಷಧಿ, ಏನು ಪುಡಿ, ಯಾರು ಕೊಟ್ಟರು ಎಂದು ಟ್ರಯಲ್ಲಿನ ದಿನವೇ ಕೇಳುತ್ತೇನೆ. ಕೆಲವು ತಾಯಂದಿರಿಗೆ ಸಿಟ್ಟು ಬರುತ್ತದೆ, ನೀವು ಮೇಕಪ್ಪಿನವರೋ ನರ್ಸೋ ಅನ್ನುತ್ತಾರೆ. ಅನುಮಾನ ಬಂದು ಡಾಕ್ಟರ ಹತ್ತಿರ ಕಳಿಸಿದವರಲ್ಲಿ ಹೆಚ್ಚಿನವರಿಗೆ ಏನೂ ಇರಲಿಲ್ಲ. ನಿದ್ದೆಗೆಟ್ಟಿದ್ದರು, ಇಲ್ಲವೇ ರಕ್ತ ಕಡಿಮೆ ಇತ್ತು. ಮೇಕಪ್ ಕಲಿಸಿದ ಪಾರ್ಲರಿನವರು ಯಾವ ಬಣ್ಣವನ್ನು ಯಾವುದರಿಂದ ಮುಚ್ಚಬೇಕೆಂದು ಕಲಿಸಿದ್ದರು. ಆ ಬಣ್ಣ ಅಲ್ಲಿಗೆ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು ಎನ್ನುವುದನ್ನು ಈ ಕೆಲಸವೇ ನನಗೆ ಕಲಿಸಿತು. ಕೇಳಿದ ಮೇಲೆ ಗೊತ್ತಾದದ್ದನ್ನು ಹೊತ್ತುಕೊಳ್ಳಬೇಕು, ಅದಕ್ಕೆ ಯಾರೂ ಒಳ್ಳೆಯ ಮಾತು ಹೇಳದೆ ಇರಬಹುದು.

ಗಿರಿಜಮ್ಮನ ಮನೆಯಿಂದ ಅವತ್ತು ಸಂಜೆ ಬಂದವಳು ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಹೊರಬರುವಷ್ಟರಲ್ಲಿ ಯಜಮಾನರು ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟಿದ್ದರು. ಮಗಳು ಕಾಲೇಜಿನಿಂದ ಬಂದು ಟೊಮೆಟೊ ಹೆಚ್ಚುತ್ತಿದ್ದಳು. ಅವರು ಏನಂದರು ಎಂದು ಅತ್ತೆ ಕೇಳಿದರು. ಗಿರಿಜಮ್ಮ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಅತ್ತೆ, "ಹೆತ್ತೋಳು ಅಂದಿದಾಳೆ. ಅನ್ನಿಸ್ಕೋ" ಅಂದು, ತಲೆ ಒರೆಸಿಕೊಳ್ಳಲು ತಮ್ಮ ಒಣಗಿದ ಟವೆಲ್ ಕೊಟ್ಟರು. ಅನ್ನ, ಟೊಮೆಟೊ ಸಾರು, ಸುಟ್ಟ ಹಪ್ಪಳ ಉಂಡೆವು. ಮಗಳು ಓದುತ್ತಾ ಪುಸ್ತಕದ ಮೇಲೆಯೇ ಮೊದಲು ಮಲಗಿದಳು. ಆಮೇಲೆ ಯಜಮಾನರು. ಅತ್ತೆ ನನಗಿಂತ ಮೊದಲು ಮಲಗಲಿಲ್ಲ.